ಕಿವಿಯಕ್ಕನ ಕಲ್ಲು

"ಇನ್ನೊಂದ್ಸಲ ಓದು," ಎಂದಳು ಕಿವಿಯಕ್ಕ.

ಗಣಿಯ ಮೇಸ್ತ್ರಿ ಪತ್ರಿಕೆಯನ್ನು ಮತ್ತೆ ಬಿಡಿಸಿದ. ಸಮುದ್ರದಿಂದ ನಾನೂರು ಮೈಲಿ ದೂರದ ಕಲ್ಲುಗಣಿಯಲ್ಲಿ ಕೋಟ್ಯಂತರ ವರ್ಷ ಹಳೆಯ ಶಾರ್ಕ್ ಹಲ್ಲು. ಪ್ರೊಫೆಸರರ ಸೂಕ್ಷ್ಮದೃಷ್ಟಿಗೆ ಬಿದ್ದ ಅಪೂರ್ವ ಪಳೆಯುಳಿಕೆ. ಪಕ್ಕದಲ್ಲಿ ಪ್ರೊಫೆಸರರ ಚಿತ್ರ. ಅವರೂ ಹಲ್ಲು ಕಾಣುವಂತೆಯೇ ನಿಂತಿದ್ದರು.

ಸುಣ್ಣಕಲ್ಲಿನ ಆ ಗಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಿವಿಯಕ್ಕನ ಕೆಲಸ ಒಂದೇ: ಸುತ್ತಿಗೆಯಿಂದ ಕಲ್ಲು ತಟ್ಟಿ ಕಿವಿಗೊಡುವುದು. ಠಣ್ಣೆಂದರೆ ಚಪ್ಪಡಿಗೆ, ದಬ್ಬೆಂದರೆ ಒಳಗೆ ಪೊಳ್ಳು, ಸೀಮೆಸುಣ್ಣದ ಅಡ್ಡಗೆರೆ ಎಳೆದು ಜಲ್ಲಿ ಯಂತ್ರಕ್ಕೆ. ಅದಕ್ಕೇ ಆ ಹೆಸರು. ಹೋದ ತಿಂಗಳು ಒಂದು ಕಲ್ಲು ದಬ್ಬೆಂದಿತ್ತು, ಆದರೆ ಬೇರೆ ಥರ. ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡುವವರ ಹಾಗೆ. ಊಟ ಬಿಟ್ಟು, ಉಳಿ ಹಿಡಿದು ಸೀಳಿದಳು. ಒಳಗೆ ಅಂಗೈಯಗಲದ ಹಲ್ಲು, ಅಂಚು ಇನ್ನೂ ಗರಗಸದಷ್ಟು ಚುರುಕು. ಪ್ರೊಫೆಸರರಿಗೆ ಹೇಳಿ ಕಳಿಸಿದವಳೂ ಅವಳೇ.

ಪತ್ರಿಕೆ ಬಂದ ದಿನವೇ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದಿಳಿದರು. ಇನ್ನಷ್ಟು ಹಲ್ಲು ಬೇಕಿತ್ತು. ಕಿವಿಯಕ್ಕ ದನಿಯೇರಿಸದೆ ಕೇಳಿದಳು: ಮ್ಯೂಸಿಯಮ್ಮಿನಲ್ಲಿ ಹಲ್ಲಿನ ಪಕ್ಕ ಇಡುವ ಚೀಟಿಯಲ್ಲಾದರೂ ತನ್ನ ಹೆಸರು ಬರಬೇಕು. ಪ್ರೊಫೆಸರರು ನಕ್ಕರು.

"ಚೀಟಿ ಇರೋದೇ ಇಷ್ಟುದ್ದ ಕಣಮ್ಮ. ಮೀನಿನ ಹೆಸರೇ ಎರಡು ಸಾಲಾಗುತ್ತೆ. ಕಲ್ಲು ಒಡೆದೋರನ್ನೆಲ್ಲ ಬರೆದ್ರೆ ಜಾಗ ಎಲ್ಲಿ?"

ಅವಳು ಸುತ್ತಿಗೆ ಎತ್ತಿಕೊಂಡು ಕಲ್ಲಿನ ಸಾಲಿಗೆ ನಡೆದಳು. ಠಣ್. ಠಣ್. ಠಣ್. ನಾಲ್ಕನೆಯದು ಬಾಯಲ್ಲಿ ಏನೋ ಇಟ್ಟುಕೊಂಡಿತ್ತು. ಅವಳ ಕೈ ಅರೆಗಳಿಗೆ ನಿಂತಿತು. ಹಿಂದೆಯೇ ಬರುತ್ತಿದ್ದ ಪ್ರೊಫೆಸರರೂ ನಿಂತರು.

"ಏನಮ್ಮ, ಇದ್ರಲ್ಲಿದೆಯಾ?"

"ನಂದು ಬರೀ ಕಿವಿ ಸಾರ್. ನಿಮ್ದು ಸೂಕ್ಷ್ಮದೃಷ್ಟಿಯಂತೆ. ನೀವೇ ನೋಡಿ."

ಅವರು ಕನ್ನಡಕ ಏರಿಸಿ ನೋಡಿದರು. ಸುತ್ತು ಬಂದು ನೋಡಿದರು. ಭೂತಗನ್ನಡಿ ಹಿಡಿದರು. ಕೊನೆಗೆ ವಿದ್ಯಾರ್ಥಿಗಳ ಕಡೆ ತಿರುಗಿ, ಇಂಥ ಕಲ್ಲಿನಲ್ಲಿ ಏನೂ ಇರುವುದಿಲ್ಲವೆಂದೂ ಯಾಕಿರುವುದಿಲ್ಲವೆಂದೂ ವಿವರಿಸಿದರು. ಹುಡುಗರು ಬರೆದುಕೊಂಡರು.

ಮೇಸ್ತ್ರಿ ಅವಳ ಮುಖ ನೋಡಿದ. ವರ್ಷಗಟ್ಟಲೆ ಆ ಕಿವಿಯನ್ನು ನಂಬಿ ಬದುಕಿದವನು. "ಅಕ್ಕಾ..." ಎಂದ ಮೆಲ್ಲಗೆ.

ಅವಳು ಅಡ್ಡಗೆರೆ ಎಳೆದಳು.

ಯಂತ್ರ ಕಲ್ಲನ್ನು ಬಾಯಿಗೆ ತೆಗೆದುಕೊಂಡು ಜಗಿಯತೊಡಗಿತು. ಬಿಳಿ ಪುಡಿ ಎದ್ದು ಹುಡುಗರ ತೆರೆದ ಪುಸ್ತಕಗಳ ಮೇಲೆ ತೆಳ್ಳಗೆ ಕೂತಿತು. ಪ್ರೊಫೆಸರರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಒರೆಸಿಕೊಂಡರು.