ಪೆನ್ನಿನಲ್ಲಿ ಹಾರಿದ ಗಂಟೆಗಳು

ನನ್ನ ಅಕ್ಷರ ಚೆಂದ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಭದ್ರಾವತಿಯ ಹೈಸ್ಕೂಲೊಂದರಲ್ಲಿ ಹತ್ತು ವರ್ಷ ಪಾಠ ಮಾಡಿ ನಾನು ಸಂಪಾದಿಸಿದ ಹೆಸರು ಅದೊಂದೇ. ಸನ್ಮಾನ ಪತ್ರ ಬರೆಯಬೇಕೆಂದರೆ ಉಮಾಮಹೇಶ್ವರಿ ಟೀಚರು, ಬೋರ್ಡಿನ ಮೇಲೆ ಸುಸ್ವಾಗತ ಬರೆಯಬೇಕೆಂದರೆ ಉಮಾಮಹೇಶ್ವರಿ ಟೀಚರು. ಹಾಗಾಗಿ ನನ್ನ ಗಂಡ ಜ್ಞಾನೇಶ್ ಹೊಸ ಲಾಗ್‌ಬುಕ್ ಒಂದನ್ನು ತಂದು ಮುಂದಿಟ್ಟು, "ನಿನ್ ಕೈಯಲ್ಲೇ ಆಗ್ಬೇಕು ಮಾರಾಯ್ತಿ, ನನ್ ಅಕ್ಷರ ನೋಡಿದ್ರೆ ಆಫ್ರಿಕಾದೋರು ಅದೇ ವಿಮಾನದಲ್ಲಿ ವಾಪಸ್ ಕಳಿಸ್ತಾರೆ" ಎಂದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ಮೂರ್ಖಳು ನಾನು.

ಇದು ಎರಡು ಸಾವಿರದ ಎರಡರ ನವೆಂಬರ್ ಮಾತು. ಇವರು ಪೈಲೆಟ್ ಲೈಸೆನ್ಸ್ ತೆಗೆದುಕೊಂಡು ಏಳೆಂಟು ವರ್ಷವಾಗಿತ್ತು, ಕೆಲಸ ಮಾತ್ರ ಸಿಕ್ಕಿರಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇವರ ಅಣ್ಣ ಶಿವರಾಜ್ ಭಾವನ ಪಂಪ್‌ಸೆಟ್ಟಿನ ಅಂಗಡಿ ಇದೆ. ಅಲ್ಲಿ ಪಿವಿಸಿ ಪೈಪು ಅಳೆದು ಕೊಡುತ್ತಿದ್ದರು. ಬೀದಿಯವರೆಲ್ಲ ಇವರನ್ನು ಕರೆಯುವುದೇ 'ಪೈಲೆಟ್' ಅಂತ. "ಪೈಲೆಟ್ರೇ, ಎರಡಿಂಚಿನ ಎಲ್ಬೋ ಕೊಡಿ" ಎಂದು ಯಾರಾದರೂ ಕೇಳಿದರೆ ಇವರು ನಗುತ್ತಲೇ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಆ ನಗು ಇರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಲೈಸೆನ್ಸ್ ಉಳಿಸಿಕೊಳ್ಳಲು ಎಲ್ಲಿಗೋ ಹೋಗಿ ನಾಲ್ಕಾರು ಗಂಟೆ ಹಾರಿಸಿ ಬರುತ್ತಿದ್ದರು. ಬಂದ ಎರಡು ದಿನ ಮನೆಯಲ್ಲಿ ಹಬ್ಬ, ಆಮೇಲೆ ಮತ್ತೆ ಪೈಪು.

ಹಿಂದಿನ ವರ್ಷ ಒಂದು ಸಂಜೆ ಇವರು ಅಂಗಡಿಯಿಂದ ಮನೆಗೆ ಬರಲಿಲ್ಲ. ಗಾಜನೂರಿನ ಡ್ಯಾಮಿನ ಹತ್ತಿರ ಮೀನು ಮಾರುವ ಹೂವಪ್ಪ ಇವರನ್ನು ತನ್ನ ಲೂನಾದ ಹಿಂದೆ ಕೂರಿಸಿಕೊಂಡು ತಂದು ಬಿಟ್ಟ. "ನೀರಿನ ಅಂಚಿಗೆ ಭಾಳ ಹತ್ರ ಕೂತಿದ್ರು ಕಣಮ್ಮ, ಕರೆದ್ರೆ ತಿರುಗ್ಲಿಲ್ಲ. ನಂಗ್ ಸರಿ ಕಾಣ್ಲಿಲ್ಲ" ಎಂದ. ಚಪ್ಪಲಿ ಇವರ ಕಾಲಲ್ಲಿರಲಿಲ್ಲ, ಹೂವಪ್ಪನ ಮೀನಿನ ಬುಟ್ಟಿಯ ಮೇಲಿತ್ತು. ಆ ದಿನದಿಂದ ಇವರು ಹತ್ತು ನಿಮಿಷ ತಡವಾದರೂ ನಾನು ಬೀದಿಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ಅಂಥಾದ್ದರಲ್ಲಿ ಈ ಕೆಲಸ ಬಂತು. ಪೂರ್ವ ಆಫ್ರಿಕಾದ ಒಂದು ಸಣ್ಣ ಕಂಪನಿ, ಹತ್ತೊಂಬತ್ತು ಸೀಟಿನ ವಿಮಾನ, ಇರುವುದಕ್ಕೆ ಮನೆ, ಮಕ್ಕಳಿಗೆ ಸ್ಕೂಲು. ಸಂದರ್ಶನ ಫೋನಿನಲ್ಲೇ ಮುಗಿದಿತ್ತು. ದಾರ್ ಎಸ್ ಸಲಾಂಗೆ ಹೋಗಿ ಇಳಿದ ಮೇಲೆ ಲಾಗ್‌ಬುಕ್ ತೋರಿಸಬೇಕು, ಅದರಲ್ಲಿ ಕಡಿಮೆಯೆಂದರೂ ಐನೂರು ಗಂಟೆ ಇರಬೇಕು. ಪೈಲೆಟ್ಟುಗಳು ಹಾರಿಸಿದ ಒಂದೊಂದು ಗಂಟೆಯೂ ಆ ಪುಸ್ತಕದಲ್ಲಿರುತ್ತದೆ. ಯಾವ ತಾರೀಕು, ಯಾವ ವಿಮಾನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಹತ್ತಿದ್ದು, ಎಷ್ಟು ಹೊತ್ತಿಗೆ ಇಳಿದದ್ದು. ಕೊನೆಯಲ್ಲಿ ಷರಾ ಅಂತ ಒಂದು ಖಾನೆ.

ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಒಂದನೇ ಕ್ಲಾಸಿನ ಅಮೂಲ್ಯಳ ಟಿ.ಸಿ. ತೆಗೆಸಿದೆವು. ವಿದ್ಯಾನಗರದ ಬಾಡಿಗೆ ಮನೆ ಖಾಲಿ ಮಾಡಿ, ಬೀರು ಒಬ್ಬರಿಗೆ, ಗ್ರೈಂಡರ್ ಒಬ್ಬರಿಗೆ ಕೊಟ್ಟು, ಕೊನೆಯ ವಾರಕ್ಕೆ ಭದ್ರಾವತಿಯ ನನ್ನ ತಾಯಿಯ ಮನೆಗೆ ಬಂದೆವು. ಬೆಂಗಳೂರಿಗೆ ಹೋಗಿ ಹಳದಿ ಜ್ವರದ ಇಂಜೆಕ್ಷನ್ನೂ ಆಗಿತ್ತು. ಎರಡು ವರ್ಷದ ನಿಶಾಂತನಿಗೆ ಅದರಿಂದಲೇ ಮೈ ಬಿಸಿಯಾಗಿ ಮೂರು ದಿನ ಎತ್ತಿಕೊಂಡೇ ತಿರುಗಿದೆ. ಅಮೂಲ್ಯಳದ್ದು ಒಂದೇ ರಾಗ: "ಅಪ್ಪ ಫಸ್ಟು ನನ್ನೇ ಕೂರಿಸ್ಕೊಂಡು ಹೋಗೋದು." ಇವರು ಪ್ರತಿ ಸಲವೂ "ತಡಿ ಪುಟ್ಟಿ, ಕ್ಯಾಪ್ಟನ್ ಆಗ್ತೀನಿ, ಆಮೇಲೆ" ಎನ್ನುತ್ತಿದ್ದರು. ಶುಕ್ರವಾರಕ್ಕೆ ಟಿಕೆಟ್ಟು.

ಹಳೆಯ ಲಾಗ್‌ಬುಕ್ಕಿಗೆ ಗೆದ್ದಲು ಹಿಡಿದಿದೆ, ಹೊಸದಕ್ಕೆ ಇಳಿಸಬೇಕು ಎಂದಿದ್ದರು ಇವರು. ಗೆದ್ದಲು ಹಿಡಿದದ್ದು ನಿಜವೇ, ಅಂಚು ತಿಂದಿತ್ತು. ಬರೆಯುವ ಮುಂಚೆ ನನಗೇ ಪಾಠ ಮಾಡಿದರು: "ತಿದ್ದಿ ಬರಿಯೋ ಹಂಗಿಲ್ಲ. ಬಿಳಿ ಇಂಕ್ ಹಚ್ಚಂಗಿಲ್ಲ. ಹಾಳೆ ಹರಿಯಂಗಿಲ್ಲ, ಪ್ರತಿ ಹಾಳೆಗೂ ನಂಬರಿದೆ. ತಪ್ಪಾದ್ರೆ ಅದರ ಮೇಲೆ ಒಂದೇ ಗೆರೆ ಎಳಿ, ಪಕ್ಕದಲ್ಲಿ ಸರಿಯಾದ್ದು ಬರಿ, ನಾನು ಸಹಿ ಹಾಕ್ತೀನಿ."

ಪ್ರತಿ ಹಾಳೆಯ ಕೆಳಗೆ, ಇವರು ವಿಮಾನ ಕಲಿತ ಹೊರರಾಜ್ಯದ ಫ್ಲೈಯಿಂಗ್ ಕ್ಲಬ್ಬಿನ ಹಳೆಯ ಇನ್‌ಸ್ಟ್ರಕ್ಟರ್ ಒಬ್ಬರ ಸಹಿ, ಮೊಹರು ಆಗಲೇ ಇತ್ತು.

"ಬರಿಯೋಕ್ ಮುಂಚೆನೇ ಸಹಿನಾ?" ಎಂದೆ.

"ನಕಲು ಅಲ್ವೇನೇ, ಮೊದ್ಲೇ ಹಾಕ್ಸ್ಕೊಂಡ್ ಬಂದೆ. ಅವರು ಮಗಳ ಮನೆಗೆ ಆಸ್ಟ್ರೇಲಿಯಾಕ್ಕೆ ಹೋದ್ರು. ಇನ್ನೊಂದ್ ಬುಕ್ಕಿಗೆ ಸಿಗಲ್ಲ, ಹುಷಾರಾಗಿ ಬರಿ."

ಎರಡು ದಿನ ಗೆದ್ದಲು ತಿಂದ ಪುಸ್ತಕ ನೋಡಿ ಬರೆದೆ. ಅದು ಇನ್ನೂರ ಅರವತ್ತೆರಡು ಗಂಟೆಗೆ ಮುಗಿಯಿತು. ಉಳಿದದ್ದನ್ನು ಇವರು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಬರೆದುಕೊಟ್ಟರು. ಡೈರಿಯಿಂದ ತೆಗೆದದ್ದು ಎಂದರು. ಇಂಕು ಹೊಸದಾಗಿತ್ತು. ನಾನು ನಂಬಿದೆನೋ, ನಂಬಲೇಬೇಕೆಂದು ನಂಬಿದೆನೋ, ಈಗ ಹೇಳಲಾರೆ.

ಮಂಗಳವಾರ ಮಧ್ಯಾಹ್ನ ಇವರು ಶಿವಮೊಗ್ಗಕ್ಕೆ ಸೂಟ್‌ಕೇಸಿನ ಜಿಪ್ ಹಾಕಿಸಲು ಹೋಗಿದ್ದರು. ನನ್ನಮ್ಮ ಶಾಂತಮ್ಮ ನಿಶಾಂತನನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ನಾನು ನಡುಮನೆಯಲ್ಲಿ ಕೂತು ಒಂದೊಂದೇ ಸಾಲು ಇಳಿಸುತ್ತ ಬಂದೆ. ತಾರೀಕು ಬರೆದೆ, 22-1-1996. ವಿಮಾನದ ನಂಬರು ಬರೆದೆ. ಹತ್ತಿದ್ದು 9.40, ಇಳಿದದ್ದು 12.25. ಗಂಟೆ, 2.45. ಮುಂದಿನ ಸಾಲಿಗೆ ಹೋಗಬೇಕು ಅನ್ನುವಾಗ ಕೈ ನಿಂತಿತು. ಆ ತಾರೀಕನ್ನು ಮೊನ್ನೆ ತಾನೇ ಅಮೂಲ್ಯಳ ಪಾಸ್‌ಪೋರ್ಟಿನಲ್ಲಿ ನೋಡಿದ್ದೆ.

ನನ್ನ ಮಗಳು ಹುಟ್ಟಿದ್ದು ಆ ದಿನ, ಇದೇ ಭದ್ರಾವತಿಯಲ್ಲಿ. ಸೋಮವಾರ ಹುಟ್ಟಿದ ಮಗು ಎಂದು ಅತ್ತೆ ಬಸವರಾಜೇಶ್ವರಿ ಆಸ್ಪತ್ರೆಯಲ್ಲೇ ವಿಭೂತಿ ಹಚ್ಚಿದ್ದರು. ಇವರು ಬೆಳಗಿನಿಂದ ಹೆರಿಗೆ ಕೋಣೆಯ ಹೊರಗೆ ನಿಂತಿದ್ದರು. ಮಗುವನ್ನು ಕೈಗೆ ಕೊಟ್ಟಾಗ ತುಂಬಿದ ಗಾಜಿನ ಲೋಟ ಹಿಡಿದ ಹಾಗೆ ಹಿಡಿದುಕೊಂಡರು. "ಬಿಗಿಯಾಗಿ ಹಿಡ್ಕಳಪ್ಪ, ಒಡೆದು ಹೋಗಲ್ಲ" ಎಂದು ಅಮ್ಮ ನಕ್ಕಿದ್ದಳು. ಈ ಪುಸ್ತಕದ ಪ್ರಕಾರ ಆ ಹೊತ್ತಿಗೆ ಇವರು ಇನ್ನೊಂದು ರಾಜ್ಯದಲ್ಲಿ, ಮೋಡದ ಮೇಲೆ.

ಕ್ಯಾಲೆಂಡರಿನ ಹಾಳೆಗಳನ್ನೆಲ್ಲ ಹರಡಿ ನೋಡಿದೆ. ಎಷ್ಟು ಜಾಣತನ! ಒಂದು ಭಾನುವಾರವಿಲ್ಲ, ಒಂದು ಹಬ್ಬವಿಲ್ಲ, ಮಳೆಗಾಲವಿಲ್ಲ. ಎಲ್ಲ ನೋಡಿಕೊಂಡಿದ್ದರು, ಮಗಳನ್ನು ಬಿಟ್ಟು. ನಿಜ ಹೇಳುತ್ತೇನೆ, ಮೊದಲು ನನಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ, ಈ ಮರೆವಿಗೆ. ಸುಳ್ಳು ಎಷ್ಟು ದೊಡ್ಡದು ಎಂದು ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಆ ಇನ್ನೂರ ಮೂವತ್ತೆಂಟು ಗಂಟೆಯನ್ನು ಯಾರೂ ಹಾರಿಸಿರಲಿಲ್ಲ. ಅರ್ಧಕ್ಕರ್ಧವನ್ನು ನಾನು, ನನ್ನ ಚೆಂದದ ಅಕ್ಷರದಲ್ಲಿ, ಅಮ್ಮನ ನಡುಮನೆಯಲ್ಲಿ ಕೂತು ಹಾರಿಸಿದ್ದೆ.

ನಾಲ್ಕು ಗಂಟೆಗೆ ಇವರು ಬಂದರು. ಜಿಪ್ ಸರಿಯಾಗಿತ್ತು. ಅಮೂಲ್ಯಳಿಗೆ ಬಿಳಿ ಶೂ ಬೇರೆ ತಂದಿದ್ದರು. ಅವಳು ಅದನ್ನು ಹಾಕಿಕೊಂಡು ಜಗಲಿಗೆ ಓಡಿದಳು.

"ತೊಂಬತ್ತಾರನೇ ಇಸವಿ ಜನವರಿ ಇಪ್ಪತ್ತೆರಡನೇ ತಾರೀಕು ಎಲ್ಲಿದ್ರಿ?" ಎಂದೆ.

"ಕ್ಲಬ್ಬಲ್ಲಿ. ಯಾಕೆ, ಅದರಲ್ಲಿ ಬರ್ದಿಲ್ವಾ?"

ಜಗಲಿಯಲ್ಲಿ ಹೊಸ ಶೂ ಟಪಟಪ ಎನ್ನುತ್ತಿತ್ತು. ಇವರು ಆ ಕಡೆ ತಿರುಗಿದರು, ತಿರುಗಿದವರು ಹಾಗೇ ನಿಂತರು. ಆಮೇಲೆ ಗೋಡೆ ಹಿಡಿದು ಕೆಳಗೆ ಕೂತರು.

"ಎಲ್ರೂ ಮಾಡ್ತಾರೆ ಉಮಾ. ಪೆನ್ನಿನ ಅವರ್ಸ್ ಅಂತ ಅದಕ್ಕೆ ಹೆಸರೇ ಇದೆ. ಆ ಕ್ಲಬ್ಬು ಮುಚ್ಚಿ ನಾಲ್ಕು ವರ್ಷ ಆಯ್ತು, ಯಾರ್ನೂ ಕೇಳೋ ಹಂಗಿಲ್ಲ. ಪಕ್ಕದಲ್ಲಿ ಕ್ಯಾಪ್ಟನ್ ಇರ್ತಾನೆ. ಆರು ತಿಂಗಳಲ್ಲಿ ನಿಜವಾದ ಗಂಟೆನೇ ತುಂಬುತ್ತೆ."

"ಆ ಕ್ಯಾಪ್ಟನ್‌ಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ."

"ಆದ್ರೆ? ಆ ವಿಮಾನದಲ್ಲಿ ನಮ್ಮ ಅಮೂಲ್ಯ ಕೂತಿದ್ರೆ? ಕೂರಿಸ್ತೀರಾ ಅವಳ್ನ?"

"ಅದನ್ನ ಮಾತ್ರ ಕೇಳ್ಬೇಡ" ಎಂದರು ಇವರು.

ಅಮ್ಮ ಮಗುವನ್ನೆತ್ತಿಕೊಂಡು ಅಡಿಗೆಮನೆಗೆ ಸರಿದುಬಿಟ್ಟಳು. ಇವರು ನನ್ನ ಹತ್ತಿರ ತೆವಳಿಕೊಂಡು ಬಂದರು. ಮೂವತ್ತೇಳು ವರ್ಷದ ಗಂಡಸು, ತೆವಳಿಕೊಂಡು. "ಒಂದು ದಿನ ಮುಂದೆ ಹಾಕು ಮಾರಾಯ್ತಿ. ಇಪ್ಪತ್ಮೂರು ಮಾಡು. ಒಂದು ಗೆರೆ ಎಳಿ ಸಾಕು, ನಾನು ಸಹಿ ಹಾಕ್ತೀನಿ. ನಾನು ಮತ್ತೆ ಆ ಅಂಗಡಿಗೆ ಹೋಗಲ್ಲ ಉಮಾ. ಇದು ಹೋಯ್ತು ಅಂದ್ರೆ ಗಾಜನೂರಿಗೆ ಹೋಗ್ತೀನಿ. ಈ ಸಲ ಹೂವಪ್ಪ ಇರಲ್ಲ."

ಇಂಥ ಮಾತು ಹೇಳಿದವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಇವರು ಬಾವಿಕಟ್ಟೆಗೆ ಮುಖ ತೊಳೆಯಲು ಎದ್ದು ಹೋದರು, ನಾನು ಕಿಟಕಿಯಿಂದ ಕಣ್ಣು ತೆಗೆಯದೆ ನೋಡುತ್ತಿದ್ದೆ. ಆಫ್ರಿಕಾದಲ್ಲಿ ವಿಮಾನ ಹತ್ತಲಿರುವ ಯಾರೋ ಹತ್ತೊಂಬತ್ತು ಜನ ನನಗೆ ಕಾಣಲಿಲ್ಲ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಅವರು ನನಗೆ ಯಾರೂ ಅಲ್ಲ. ಕಾಣುತ್ತಿದ್ದದ್ದು ಬಾವಿಕಟ್ಟೆಯಲ್ಲಿ ಬಗ್ಗಿದ ಇವರ ಬೆನ್ನು ಒಂದೇ. ಬರೆದುಕೊಟ್ಟರೆ ಈ ಬೆನ್ನು ಉಳಿಯುತ್ತದೆ. ಎಷ್ಟು ದಿನ? ಮಗಳನ್ನೇ ಕೂರಿಸಲು ಹೆದರುವ ವಿಮಾನಕ್ಕೆ ದಿನಾ ಬೆಳಗಾದರೆ ಹತ್ತಬೇಕಾದವರು ಎಷ್ಟು ದಿನ ಉಳಿದಾರು? ಅಲ್ಲಿ ಗಾಜನೂರು ಇಲ್ಲದಿರಬಹುದು, ಅಷ್ಟೇ. ಬರೆಯದಿದ್ದರೆ ಕೆಲಸವಿಲ್ಲ, ಮನೆಯಿಲ್ಲ, ನನ್ನ ನೌಕರಿಯೂ ಇಲ್ಲ, ಇವರೂ ಏನಾಗುತ್ತಾರೋ ಗೊತ್ತಿಲ್ಲ. ಎರಡು ಕಡೆಯೂ ದಾರಿ ಕಾಣಲಿಲ್ಲ ನನಗೆ.

ಪೆನ್ನು ಎತ್ತಿಕೊಂಡೆ. ಆ ಸಾಲಿನ ಕೊನೆಯಲ್ಲಿ ಷರಾ ಖಾನೆ ಖಾಲಿ ಇತ್ತು. ಸನ್ಮಾನ ಪತ್ರಕ್ಕೆ ಬರೆಯುವ ಹಾಗೆ ದುಂಡಗೆ, ಇಂಗ್ಲಿಷಿನಲ್ಲಿ ಬರೆದೆ: ಈ ದಿನ ಮಗಳು ಅಮೂಲ್ಯ ಹುಟ್ಟಿದಳು, ಭದ್ರಾವತಿ, ಬೆಳಿಗ್ಗೆ 11.10. ತಂದೆ ಜೊತೆಯಲ್ಲಿದ್ದರು.

ಬರೆದಾದ ಮೇಲೆ ಇನ್ನೊಮ್ಮೆ ಓದಿಕೊಂಡೆ. ಹರಿಯುವ ಹಾಗಿಲ್ಲ, ಬಿಳಿ ಹಚ್ಚುವ ಹಾಗಿಲ್ಲ, ಒಂದು ಗೆರೆ ಎಳೆದರೂ ಅಡಿಯಲ್ಲಿರುವುದನ್ನು ಓದಬಹುದು, ಇನ್ನೊಂದು ಪುಸ್ತಕ ಸಿಗುವ ಹಾಗಿಲ್ಲ. ನನ್ನ ಗಂಡನ ಎಂಟು ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ. ನನಗೆ ಸರಿ ಮಾಡಿದೆ ಅನ್ನಿಸಲಿಲ್ಲ, ಹೆದರಿಕೆಯಾಯಿತು.

ಇವರು ಒದ್ದೆ ಮುಖದಲ್ಲೇ ಬಂದು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಓದಿದರು. ಮತ್ತೆ ಓದಿದರು. ಗಲ್ಲದಿಂದ ನೀರು ತೊಟ್ಟಿಕ್ಕಿ ಹಾಳೆಯ ಮೇಲೆ ಬಿತ್ತು. ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಲಿ ಅಂತಲೇ ದೇವರನ್ನು ಬೇಡಿಕೊಂಡೆ.

"ಹನ್ನೊಂದು ಹತ್ತಲ್ಲ" ಎಂದರು.

"ಏನು?"

"ನರ್ಸು ಅಂದಾಜಲ್ಲಿ ಬರ್ದಿದ್ದು ಅದು. ಹನ್ನೊಂದು ಹದಿನೇಳು. ಅತ್ತಿದ್ದು ಕೇಳಿಸ್ತು, ನಾನು ವಾಚ್ ನೋಡಿದ್ದೆ."

ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. 11.10ರ ಮೇಲೆ ಒಂದೇ ಒಂದು ಗೆರೆ ಎಳೆದರು, ಪಕ್ಕದಲ್ಲಿ 11.17 ಎಂದು ಬರೆದರು, ಅದರ ಮುಂದೆ ಸಹಿ ಹಾಕಿ ತಾರೀಕು ನಮೂದಿಸಿದರು. ಪೆನ್ನಿನ ಟೋಪಿ ಹಾಕಿ ಪುಸ್ತಕ ಮುಚ್ಚಿದರು. ಆಮೇಲೆ ಎದ್ದು ಚಪ್ಪಲಿಯ ಕಡೆ ನೋಡಿದರು.

ನಾನು ಇವರ ಮುಂಗೈ ಹಿಡಿದುಕೊಂಡೆ. ಬಳೆ ಇವರ ಚರ್ಮಕ್ಕೆ ಒತ್ತಿ ಕೆಂಪಗಾಯಿತು. ಜಗಲಿಯಿಂದ ಅಮೂಲ್ಯ, "ಅಪ್ಪಾ, ಶೂ ಆಫ್ರಿಕಾಕ್ಕೆ ಎತ್ತಿಡ್ಲಾ, ಇವತ್ತೇ ಹಾಕ್ಕೊಳ್ಲಾ?" ಎಂದು ಕೇಳಿದಳು.

"ಬಿಡೇ, ಕೈ ನೋಯ್ತಿದೆ" ಎಂದರು ಇವರು.

"ನೋಯ್ಲಿ" ಎಂದೆ. ಬಿಡಲಿಲ್ಲ.