ಮೂವತ್ತಾರು ಮೆಟ್ಟಿಲಿನ ಸ್ವರ

ಪುಢೀಲ್ ಸ್ಟೇಷನ್ ಠಾಕುರ್ಲಿ, ಮುಂದಿನ ನಿಲ್ದಾಣ ಠಾಕುರ್ಲಿ, ಎಂದಿತು ಲೇಡೀಸ್ ಡಬ್ಬಿಯ ಮಾಡಿನಿಂದ ಒಂದು ಹೆಣ್ಣುಸ್ವರ, ಮತ್ತೆ ಅದನ್ನೇ ಹಿಂದಿಯಲ್ಲಿ, ಮತ್ತೆ ಇಂಗ್ಲಿಷಿನಲ್ಲಿ, ಯಾರು ಇವಳು, ಕಾಲೇಜಿನ ದಿನಗಳಿಂದ ಕೇಳುತ್ತ ಬಂದ ಸ್ವರ, ಇಷ್ಟು ವರ್ಷ ಅಶ್ಮಿತಾ ಒಮ್ಮೆಯೂ ತಲೆಯೆತ್ತಿ ನೋಡಿದವಳಲ್ಲ, ಈಗ ನೋಡಿದರೆ ಅಲ್ಲಿ ತೂತು ತೂತಿನ ಒಂದು ತಗಡು, ಅಷ್ಟೇ, ಯಾವತ್ತೋ ಯಾವುದೋ ಕೋಣೆಯಲ್ಲಿ ಕುಳಿತು ಒಮ್ಮೆ ಹೇಳಿ ಎದ್ದು ಹೋದವಳು, ಈಗ ಎಲ್ಲಿ ಅನ್ನಕ್ಕೆ ಇಟ್ಟಿದ್ದಾಳೋ, ತನ್ನ ಸ್ವರವನ್ನು ನಂಬಿ ಇಲ್ಲಿ ಜನ ಇಳಿಯುತ್ತಿದ್ದಾರೆ ಹತ್ತುತ್ತಿದ್ದಾರೆ ಎಂಬುದು ಅವಳಿಗೆ ನೆನಪೂ ಇರಲಿಕ್ಕಿಲ್ಲ — ಪಕ್ಕದವಳ ಒದ್ದೆ ಜಡೆ ತೋಳಿಗೆ ತಾಗಿ ತಣ್ಣಗಾಯಿತು, ಸರಕಾ ಜರಾ, ಅಂದಳು ನಿಂತವಳೊಬ್ಬಳು, ನಾಲ್ಕನೆಯವಳಾಗಿ ಕೂರಲು, ಅಶ್ಮಿತಾ ಸರಿದಳು, ತೊಡೆಯ ಮೇಲಿನ ಕಾಗದದ ಕಟ್ಟನ್ನು ಇನ್ನಷ್ಟು ಅವುಚಿಕೊಂಡಳು, ಮೂವತ್ತು ಪ್ರತಿ, ಬೆಳಿಗ್ಗೆ ಏಳಕ್ಕೆ ಝೆರಾಕ್ಸ್ ಅಂಗಡಿಯ ಶಟರ್ ಎತ್ತಿಸಿ ತೆಗೆಸಿದ್ದು, ನಾಯಿ ಕಾಣೆಯಾಗಿದೆ ಎಂದು ಮರಾಠಿಯಲ್ಲಿ, ಹೆಸರು ಪೇಡಾ, ವಯಸ್ಸು ಹದಿನಾಲ್ಕು, ಎರಡೂ ಕಣ್ಣು ಕಾಣುವುದಿಲ್ಲ, ಕಂಡವರು ದಯವಿಟ್ಟು — ದಯವಿಟ್ಟು ಏನು, ಅವನು ಕಾಣೆಯಾಗಿರಲಿಲ್ಲ, ಅವನನ್ನು ಕಳುಹಿಸಿದ್ದರು, ಕಳುಹಿಸಿದವರೇ ನಿನ್ನೆ ಸಂಜೆ ಅವಳ ಜೊತೆ ಗಟಾರ ಗಟಾರ ಹುಡುಕಿದ್ದರು, ಮನೀಷ, ಸ್ವಂತ ಅಣ್ಣ, ಬಗ್ಗಿ ರಿಕ್ಷಾಗಳ ಅಡಿಗೆ ಟಾರ್ಚ್ ಬಿಡುತ್ತಿದ್ದ, ಪೇಡಾ, ಪೇಡಾ ಬೇಟಾ, ಎಂದು ಕರೆಯುತ್ತಿದ್ದ, ಎಷ್ಟು ಚೆನ್ನಾಗಿ ಕರೆಯುತ್ತಿದ್ದ, ಕಳೆದುಹೋದ ನಾಯಿಯನ್ನು ಕರೆಯುವಾಗ ಗಂಟಲು ಹೇಗೆ ಒಡೆಯಬೇಕೋ ಹಾಗೆಯೇ ಒಡೆದಿತ್ತು, ಅವಳೇ ಅವನ ಬೆನ್ನು ಸವರಿ, ಸಿಗುತ್ತಾನೆ ಬಿಡು ಅಣ್ಣ, ಅಂದಿದ್ದಳು.

ನಿನ್ನೆ ಹನ್ನೊಂದು ಗಂಟೆ, ಘನ್ಸೋಲಿಯ ಆಫೀಸು, ಅಮ್ಮನ ಫೋನು, ಮಗಾ, ಬೆಳಿಗ್ಗೆ ನೀನು ಕೆಳಗೆ ಕರೆದುಕೊಂಡು ಹೋದದ್ದು ಸಾಕಾಗಲಿಲ್ಲ ಅಂತ ಕಾಣುತ್ತದೆ ಮಾರಾಯ್ತಿ, ಪುನಃ ಬಾಗಿಲ ಹತ್ತಿರ ಕೂತು ಕುಂಯ್ ಕುಂಯ್ ಅಂತಿದ್ದಾನೆ, ಮನೀಷನಿಗೆ ಇವತ್ತು ರಜೆ, ಆದರೆ ಅವನು ಕರೆದರೆ ಬರುವುದಿಲ್ಲವಲ್ಲ, ನೀನು ಮೆಟ್ಟಿಲು ಎಣಿಸುತ್ತೀಯಲ್ಲ, ಅದನ್ನೊಂದು ವಾಟ್ಸಾಪಿನಲ್ಲಿ ಹೇಳಿ ಕಳಿಸು, ಪಾಪ, ಎಷ್ಟು ಹೊತ್ತು ಅಂತ ಕಟ್ಟಿಕೊಂಡು ಕೂರುವುದು — ಪಾಪ ಅಂದಿದ್ದಳು ಅಮ್ಮ, ಆ ಶಬ್ದವೇ ಸಾಕಾಗಿತ್ತು ಅವಳಿಗೆ, ಅಮ್ಮನೂ ಅವನನ್ನು ಹಚ್ಚಿಕೊಂಡಳು ಎಂದು ಎದೆ ತುಂಬಿತ್ತು, ಡೊಂಬಿವಲಿಯ ಆ ಕಟ್ಟಡಕ್ಕೆ ಲಿಫ್ಟಿಲ್ಲ, ಎರಡನೇ ಮಾಳಿಗೆ, ಒಂಬತ್ತೊಂಬತ್ತು ಮೆಟ್ಟಿಲಿನ ನಾಲ್ಕು ಸಾಲು, ಕಣ್ಣು ಪೂರ್ತಿ ಹೋದ ಮೇಲೆ ಪೇಡಾ ಮೊದಲ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಚಾಚಿ ನಡುಗುತ್ತ ನಿಂತುಬಿಡುತ್ತಿದ್ದ, ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ಎಣಿಸತೊಡಗಿದಳು, ಒಂಜಿ, ರಡ್ಡ್, ಮೂಜಿ, ತುಳುವಿನಲ್ಲಿ, ಅಜ್ಜಿ ನಾಗವೇಣಿ ತುತ್ತು ಎಣಿಸಿ ಉಣಿಸುತ್ತಿದ್ದ ತುಳುವಿನಲ್ಲಿ, ಒರ್ಂಬ ಎಂದು ಒಂಬತ್ತು ಮುಗಿದ ಕೂಡಲೇ ಅವನು ತಾನಾಗಿ ಎಡಕ್ಕೆ ತಿರುಗುತ್ತಾನೆ, ಎರಡು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ, ಮನೀಷನಿಗೆ ಐದರ ಮುಂದೆ ತುಳು ಬರುವುದಿಲ್ಲ, ಹಿಂದಿಯಲ್ಲಿ ಎಣಿಸಿದರೆ ಪೇಡಾ ಕುಳಿತೇ ಬಿಡುತ್ತಾನೆ, ಅದಕ್ಕೆ ಅವಳು ಆಫೀಸಿನ ಹಿಂದಿನ ಮೆಟ್ಟಿಲಿಗೆ ಹೋದಳು, ಸುಮ್ಮನೆ ನಿಂತು ಹೇಳಿದರೆ ಅವನ ಕಾಲಿಗೆ ಹೊಂದುವುದಿಲ್ಲ ಎಂದು ನಿಜವಾಗಿ ಇಳಿದಳು, ಹಿಂದು ಹಿಂದಕ್ಕೆ, ಒಂದು ಕೈಯಲ್ಲಿ ಕಟಕಟೆ, ಇನ್ನೊಂದರಲ್ಲಿ ರೆಕಾರ್ಡ್ ಆಗುತ್ತಿರುವ ಫೋನು ಹಿಡಿದು, ಮುದಿ ನಾಯಿಯೊಂದು ಎದುರಿಗಿದೆ ಎಂದುಕೊಂಡು ಒಂದೊಂದೇ ಮೆಟ್ಟಿಲು, ಮೂವತ್ತಾರು, ಚಹಾ ತರುತ್ತಿದ್ದವರು ನೋಡಿ ನಕ್ಕರೂ ನಿಲ್ಲಿಸಲಿಲ್ಲ, ಪ್ರತಿ ತಿರುವಿನಲ್ಲಿ ದಿನವೂ ಹೇಳುವುದನ್ನು ಹೇಳಿದಳು, ಯಾನ್ ಮುಲ್ಪನೇ ಉಲ್ಲೆ, ನಾನು ಇಲ್ಲೇ ಇದ್ದೇನೆ, ನಾಲ್ಕು ಸಲ ಹೇಳಿದಳು, ಇಲ್ಲೇ ಎಂದರೆ ಎಲ್ಲಿ, ಘನ್ಸೋಲಿಯಲ್ಲಿ, ಅಮ್ಮ ಉತ್ತರವಾಗಿ ಕೈಮುಗಿಯುವ ಚಿತ್ರ ಕಳಿಸಿದಳು, ಮಗಳಿಗೆ ಯಾರಾದರೂ ಕೈಮುಗಿಯುತ್ತಾರಾ ಎಂದು ಅವಳು ಒಬ್ಬಳೇ ನಕ್ಕಿದ್ದಳು.

ಇವತ್ತು ಬೆಳಿಗ್ಗೆ ಮೊದಲ ಕಾಗದ ಕೊಟ್ಟದ್ದು ಗೇಟಿನ ಬಳಿ ಸೊಪ್ಪು ಮಾರುವ ಮಾನಮ್ಮನಿಗೆ, ಕಲಬುರಗಿ ಕಡೆಯವಳು, ಮಧ್ಯಾಹ್ನಕ್ಕೆ ಬುಟ್ಟಿ ಎತ್ತಿಬಿಡುತ್ತಾಳೆ, ನಿನ್ನೆ ಸಂಜೆ ಸಿಕ್ಕಿರಲಿಲ್ಲ, ಮಾನಮ್ಮ ಚಿತ್ರ ನೋಡಿ ನಕ್ಕಳು, ಯವ್ವಾ, ಇದ್ಯಾಕ ಕಳೀತದ, ನಿನ್ನ ಕೂಡ್ಯಾನ ಹೋತಲ್ಲ ನಿನ್ನೆ, ನನ್ನ ಜೊತೆಯಾ, ಹೂಂ ಮತ್ತ, ನಾ ಇಲ್ಲೇ ಕೊತಂಬ್ರಿ ಸೂಡು ಕಟ್ಕೋತ ಕುಂತಿದ್ದೆ, ನೀ ಎಣಸ್ಕೋತ ಇಳಿಯೋದು ಕೇಳ್ತು, ಇವತ್ತ ಕೆಲಸಕ್ಕ ಹೋಗಿಲ್ಲೇನವ್ವಾ ಅಂತ ಕೇಳಬೇಕಂತ ತೆಲಿ ಎತ್ತಿದ್ರ ನೀ ಎಲ್ಲಿದ್ದಿ, ನಿಮ್ಮಣ್ಣ ಒಬ್ಬವನೇ ಬಂದ, ಫೋನ್ ಕೆಳಗ ಹಿಡಕೊಂಡು ಹಿಂದಹಿಂದಕ ಹೆಜ್ಜಿ ಇಡ್ಕೋತ, ನಡುನಡುವ ನಿಲ್ಲಿಸ್ತಿದ್ದ, ಮತ್ತ ಹಚ್ತಿದ್ದ, ಆ ಮುದುಕ ಬಾಲ ಅಳ್ಳಾಡಿಸ್ಕೋತ, ಮೂಗು ಆ ಫೋನಿನ ಗಾಜಿಗಿ ಒತ್ತಿ ಬರ್ಲಿಕತ್ತಿತ್ತು, ಟೆಂಪೋದಾಗ ಫೋನ್ ಇಟ್ಟ, ಅದೂ ಮುಂಗಾಲು ಎತ್ತಿ ಇಟ್ತು, ಹಿಂದಿಂದ ಎತ್ತಿ ಹಾಕ್ದ, ನಾ ಅಂದೆ, ಎಷ್ಟ ಶಾಣ್ಯಾ ಅದ ನೋಡು ಇದು — ಅಲ್ಲಿಗೆ ಮಾನಮ್ಮನ ನಗು ನಿಂತಿತು, ಕಾಗದವನ್ನು ಮಡಚಿ ಸೊಪ್ಪಿನ ಅಡಿಗೆ ಇಟ್ಟಳು, ಯಾಕವ್ವಾ, ನಿನಗ ಗೊತ್ತಿದ್ದಿಲ್ಲೇನು, ಅಂದಳು ಮೆಲ್ಲಗೆ — ಮೂಗು ಗಾಜಿಗೆ ಒತ್ತಿ, ಅವನು ಹಾಗೆಯೇ, ಸ್ವರ ಕೇಳಿದರೆ ಸ್ವರದ ಹಿಂದೆ ಆಳು ಇರಬೇಕು ಅವನಿಗೆ, ಅವಳ ಮೊಣಕಾಲಿಗೆ ಆ ಒದ್ದೆ ಮೂಗು ತಾಗಿಸಿ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಮೆಟ್ಟಿಲು, ಗಾಜಿಗೆ ತಾಗಿಸಿ ಏನು ಖಾತ್ರಿ ಮಾಡಿಕೊಂಡನೋ, ಒಂಜಿ, ರಡ್ಡ್, ಮೊಣಕಾಲು ಎಲ್ಲಿ ಹೋಯಿತೋ.

ಕಲ್ಯಾಣ, ಅರ್ಧ ಡಬ್ಬಿ ಇಳಿಯಿತು, ಅದಕ್ಕಿಂತ ಹೆಚ್ಚು ಹತ್ತಿತು, ಕಿಟಕಿಯ ಕಂಬಿಗೆ ಅವಳ ಹಣೆ ಒತ್ತಿತು, ಬೆಳಿಗ್ಗೆ ಮಾನಮ್ಮನ ಬಳಿಯಿಂದ ಮೂವತ್ತಾರನ್ನೂ ಎಣಿಸದೆ ಹತ್ತಿ ಮನೆಗೆ ಹೋದಾಗ ಅಮ್ಮ ಬಸಳೆ ಬಿಡಿಸುತ್ತ ಕೂತಿದ್ದಳು, ಎಲ್ಲಿಗೆ ಕಳಿಸಿದಿರಿ, ಅಂದಳು ಅಶ್ಮಿತಾ, ಯಾರನ್ನು ಎಂದು ಅಮ್ಮ ಕೇಳಲಿಲ್ಲ, ಅಷ್ಟರಲ್ಲೇ ಎಲ್ಲ ಮುಗಿದಿತ್ತು, ಎಂಥ ಮಾಡುವುದು ಮಗಾ, ಬಿಲ್ಡಿಂಗ್ ಒಡೆಯುತ್ತಾರೆ, ತಿಂಗಳೊಳಗೆ ಖಾಲಿ ಮಾಡಬೇಕು, ಕಲ್ಯಾಣದ ಬಾಡಿಗೆ ಮನೆಯವರು ಮೊದಲೇ ಹೇಳಿದ್ದರು, ನಾಯಿ ಆಗುವುದಿಲ್ಲ ಅಂತ, ಮೊದಲು ಅಂದರೆ ಯಾವಾಗ, ಅದು, ಗಣಪತಿಗಿಂತ ಮುಂಚೆ, ನಿನಗೆ ಹೇಳಿದ್ದರೆ ನೀನು ಒಪ್ಪುತ್ತಿದ್ದೆಯಾ, ಮನೀಷ ಅಂಗಿ ಇಸ್ತ್ರಿ ಮಾಡುತ್ತ, ತಿರುಗದೆ, ತೂ ಡ್ರಾಮಾ ಕರ್ತೀ, ಇಸ್ಲಿಯೇ ನಹೀ ಬತಾಯಾ, ರಂಪ ಮಾಡುತ್ತೀ ಅಂತಲೇ ಹೇಳಲಿಲ್ಲವಂತೆ, ಅಚ್ಛೀ ಜಗಾ ಹೈ ಯಾರ್, ಒಳ್ಳೆಯ ಜಾಗವಂತೆ, ವಿಠ್ಠಲವಾಡಿಯಲ್ಲಿ, ಪ್ಯಾಂಟಿಗೆ ಬಣ್ಣ ಹಾಕುವ ಕಾರ್ಖಾನೆ, ವಾಚ್‌ಮನ್ ನಾಯಿ ಸಾಕುತ್ತಾನೆ — ಗಣಪತಿಗಿಂತ ಮುಂಚೆ, ಆಮೇಲಲ್ಲವೇ ಮೂವರೂ ಆ ಮನೆ ನೋಡಲು ಹೋದದ್ದು, ಲಿಫ್ಟಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಅವಳು ಅಳೆದದ್ದು, ಪೇಡಾನ ಹೆಜ್ಜೆಯಲ್ಲಿ ಹದಿನಾಲ್ಕು, ಮಂಚದ ಕಾಲುಗಳಿಗೆ ಹಳೆ ಲಂಗದ ಬಟ್ಟೆ ಸುತ್ತಿದರೆ ಹಣೆಗೆ ತಾಗುವುದಿಲ್ಲ, ನೀರಿನ ಬೋಗುಣಿ ಫ್ರಿಜ್ಜಿನ ಸದ್ದಿನ ಪಕ್ಕ, ಬಾಗಿಲಿಗೆ ಗೋಣಿಚೀಲ, ಕಾಲಿಗೆ ಗೊತ್ತಾಗಲು, ಒಂದು ವಾರದಲ್ಲಿ ಕಲಿಯುತ್ತಾನೆ ಎಂದು ರಾತ್ರಿ ಊಟಕ್ಕೆ ಕೂತು ಎಲ್ಲ ಹೇಳಿದ್ದಳು, ಅಮ್ಮ ಅವಳ ಅನ್ನಕ್ಕೆ ಇನ್ನೊಂದು ಸೌಟು ಸಾರು ಬಡಿಸಿದಳು, ಹೂಂ ಅಂದಳು, ಮನೀಷ, ಸಿರ್ಫ್ ಚೌದಾ, ಬಢಿಯಾ, ಅಂದ, ಗೊತ್ತಿದ್ದೂ ಅಂದ, ಬರೀ ಹದಿನಾಲ್ಕು ಎಂಬ ಲೆಕ್ಕವನ್ನು ಕೇಳಿಸಿಕೊಂಡು ಮೆಚ್ಚಿ ತಲೆದೂಗಿದ — ಅಜ್ಜಿಯ ಒಂದು ಕತೆಯಲ್ಲಿ ರಕ್ಕಸಿ ಇದ್ದಳು, ಸೌದೆಗೆ ಹೋದ ತಾಯಿಯ ಸ್ವರ ಕದ್ದು ತಂಬಿಗೆಯಲ್ಲಿ ತುಂಬಿಕೊಂಡು ಬಂದು, ಮಕ್ಕಳ ಬಾಗಿಲ ಮುಂದೆ ಮುಚ್ಚಳ ತೆರೆಯುತ್ತಿದ್ದಳು, ಆಗ ತಾಯಿ ಎಲ್ಲಿದ್ದಳು ಅಜ್ಜೀ, ಎಂದು ಪ್ರತಿ ಸಲವೂ ಕೇಳಿ ಅಳುತ್ತಿದ್ದಳು ಅಶ್ಮಿತಾ, ಪಾಪ ಕಾಡಿನಲ್ಲಿ, ಸ್ವರ ಹೋದದ್ದು ಅವಳಿಗೆ ಗೊತ್ತೇ ಇಲ್ಲ, ಎನ್ನುತ್ತಿದ್ದರು ಅಜ್ಜಿ, ಆ ರಕ್ಕಸಿಗೆ ಕೋರೆಹಲ್ಲಿತ್ತು, ಕೆದರಿದ ಕೂದಲಿತ್ತು, ಕಂಡವರಿಗೆ ಗುರುತು ಸಿಗುತ್ತಿತ್ತು, ಬಸಳೆ ಬಿಡಿಸುತ್ತ ಮಗಾ ಎನ್ನುತ್ತಾಳೆ ಎಂದು ಅಜ್ಜಿ ಹೇಳಿರಲಿಲ್ಲ, ಛೆ, ಅಮ್ಮನಿಗೆ ಹಾಗೆ ಅನ್ನಬಾರದು, ಅಂದಾಯಿತು, ಮತ್ತೆ ತನ್ನ ಸ್ವರವನ್ನು ಕದ್ದವರು ಯಾರು, ಯಾರೂ ಅಲ್ಲ, ಬಿಸಿಲಿಲ್ಲದ ಒಂದು ಮೆಟ್ಟಿಲಸಾಲಿನಲ್ಲಿ ಹಿಂದು ಹಿಂದಕ್ಕೆ ಇಳಿಯುತ್ತ ತಾನೇ ತಂಬಿಗೆ ತುಂಬಿ ಕೊಟ್ಟಿದ್ದಳು.

ವಿಠ್ಠಲವಾಡಿಯಲ್ಲಿ ಇಳಿದವಳಿಗೆ ದಾರಿ ಕೇಳಬೇಕಾಗಲಿಲ್ಲ, ವಾಸನೆಯೇ ಕರೆದುಕೊಂಡು ಹೋಯಿತು, ಬಣ್ಣದ ನೀರಿನ ವಾಸನೆ, ಗಂಟಲಿನ ಹಿಂದೆ ಚುಚ್ಚುವ, ಕಣ್ಣಲ್ಲಿ ನೀರು ಬರಿಸುವ, ಗಲ್ಲಿಯ ಚರಂಡಿ ನೀಲಿ, ಅಲ್ಲಿ ಕೂತ ಕೋಳಿಯ ಕಾಲು ನೀಲಿ, ಪೇಡಾನನ್ನು ತಂದವನು ಮನೀಷನೇ ಅಲ್ಲವೇ, ಹತ್ತನೆಯ ಫಲಿತಾಂಶ ಬಂದ ದಿನ, ಕಳವಾ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಗಲ್ಲೆಗೆ ಕೂರುತ್ತಿದ್ದ ಅಪ್ಪನಿಗೆ ಸಿಹಿ ಕೊಡಲು ಹೋದವನು, ಬರುವಾಗ ಒಂದು ಕೈಯಲ್ಲಿ ಪೇಡೆಯ ಡಬ್ಬಿ, ಅಂಗಿಯೊಳಗೆ ಅದೇ ಬಣ್ಣದ ಮರಿ, ಅಪ್ಪ ಇದ್ದರು ಆಗ, ಮರಿಯನ್ನು ಡಬ್ಬಿಯ ಪಕ್ಕ ಇಟ್ಟು ಯಾವುದು ತಿನ್ನುವುದು ಎಂದು ತಮಾಷೆ ಮಾಡಿದ್ದರು, ಹನ್ನೊಂದು ವರ್ಷದ ಅಶ್ಮಿತಾಳಿಗೆ ಮನೀಷ ಹೇಳಿದ್ದ, ಕಣ್ಣು ಮುಚ್ಚು, ಕೈ ಚಾಚು, ಹೆದರಬೇಡ, ನಾನಿದ್ದೇನಲ್ಲ, ಅವಳು ಮುಚ್ಚಿದ್ದಳು, ಅಂಗೈಗೆ ಒಂದು ಒದ್ದೆ ಮೂಗು ತಾಗಿತ್ತು, ಅದೇ ಮನೀಷ, ಅದೇ ಮೂಗು, ಈಗ ಗಾಜಿನ ಮೇಲೆ — ಬೇಡ, ಅದನ್ನು ನೆನೆಯುವುದು ಬೇಡ, ಸಿಕ್ಕಿದ ಕೂಡಲೇ ರಿಕ್ಷಾ ಮಾಡಿ ಡೊಂಬಿವಲಿಯವರೆಗೆ ಮಡಿಲಲ್ಲಿ ಇಟ್ಟುಕೊಂಡು ಹೋಗುವುದು, ಆಮೇಲೆ ಎಲ್ಲಿಗೆ, ಆಮೇಲೆ ನೋಡೋಣ, ಘನ್ಸೋಲಿಯಲ್ಲಿ ಒಂದು ಕೋಣೆ, ಅವನೂ ತಾನೂ, ಅವನು ಬಂದರೆ ಸಾಕು, ಒಮ್ಮೆ ಅವನು ಬಂದು ಮೂಗು ತಾಗಿಸಿದರೆ ಸಾಕು.

ಗೇಟಿನಲ್ಲಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದವನು ವಾಚ್‌ಮನ್ ಚಂದ್ರಾಮ, ವಿಜಯಪುರದ ಕಡೆಯ ಮುದುಕ, ಅವಳು ಬಾಯಿ ತೆರೆದು ಎರಡು ಮಾತಾಡುವುದರೊಳಗೆ ಎದ್ದು ನಿಂತ, ಓ, ನೀನೇ ಏನು, ಬಾ ತಂಗಿ, ನಿನ್ನ ದನಿ ಕೇಳಿ ಕೇಳಿ ನನಗೂ ಬಾಯಿಪಾಠ ಆಗೇತಿ, ಒಂಜಿ, ರಡ್ಡ್, ಅದ್ಯಾವ ಭಾಷಾನೋ ದೇವರಿಗೇ ಗೊತ್ತು, ಎಲ್ಲಿ ಕೇಳಿದಿರಿ, ನಿಮ್ಮಣ್ಣ ನನ್ನ ಫೋನಿಗೆ ಹಾಕಿ ಹೋಗ್ಯಾನಲ್ಲ, ಉಣ್ಣಲಿಲ್ಲಂದ್ರ ಇದನ್ನ ಹಚ್ಚು ಕಾಕಾ ಅಂದ, ನಿನ್ನೆ ಸಂಜೀಕ ಹಚ್ಚಿದೆ, ಓಡಿ ಬಂತು ನೋಡು, ಗ್ವಾಡಿಗಿ ಬಡಕೊಂಡು ಬಿತ್ತು, ಎದ್ದು ಮತ್ತ ಬಂತು, ಗಾಜು ನೆಕ್ಕಿತು, ನನ್ನ ಕೈ ಮೂಸಿತು, ಬೆನ್ನಿನ ಹಿಂದ ಹೋಗಿ ಮೂಸಿತು, ಯಾರೂ ಇಲ್ಲ, ಮೂರು ಸಲ ಹಂಗ ಬಂತು, ಆಮ್ಯಾಲ ಬರೋದು ಬಿಡ್ತು, ನಾನೂ ಬಿಡಲಿಲ್ಲ, ಉಣ್ಣಲಿ ಪಾಪ ಅಂತ ಇವತ್ತ ಮುಂಜಾನಿತನಕ ಇಪ್ಪತ್ತು ಸಲ ಹಚ್ಚಿರಬೇಕು, ಈಗ ಆ ದನಿ ಬಂದ್ರ ಸಾಕು, ಎದ್ದು ಡ್ರಮ್ಮಿನ ಹಿಂದ ಹೋಕ್ಕೈತಿ, ಸಿಟ್ಟೈತಿ ಅದಕ್ಕ — ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಅಂಗಳದ ಆ ತುದಿಯಲ್ಲಿ, ನೀಲಿ ಡ್ರಮ್ಮುಗಳ ಬುಡದಲ್ಲಿ, ಮುಟ್ಟದ ರೊಟ್ಟಿಯ ತಾಟಿನ ಪಕ್ಕ, ಅವನು, ಗದ್ದವನ್ನು ಮುಂಗಾಲ ಮೇಲಿಟ್ಟು, ಹಾಲುಗಟ್ಟಿದ ಎರಡು ಕಣ್ಣು ತೆರೆದುಕೊಂಡು, ಪೇಡಾ, ಎಂದುಬಿಟ್ಟಳು, ಕಿವಿಗಳು ಎದ್ದವು, ಹದಿನಾಲ್ಕು ವರ್ಷ ಎದ್ದ ಹಾಗೆಯೇ ಎದ್ದವು, ಅರ್ಧಕ್ಕೆ ನಿಂತವು, ಮೆಲ್ಲಗೆ ತಲೆಗೆ ಅಂಟಿಕೊಂಡವು, ಅವನು ಒಂದೊಂದೇ ಕಾಲು ಕೂಡಿಸಿ ಎದ್ದ, ತಿರುಗಿದ, ಡ್ರಮ್ಮಿನ ಹಿಂದೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತ, ನೋಡಿದೇನು, ಅಂದ ಚಂದ್ರಾಮ, ಪೇಡಾ, ಬಲ, ಬಾ, ಯಾನ್ ಮುಲ್ಪನೇ ಉಲ್ಲೆ, ಅವೇ ಶಬ್ದ, ಬೇರೆ ಶಬ್ದ ಅವಳಲ್ಲಿ ಇರಲಿಲ್ಲ, ಅವನು ಇನ್ನೂ ಒಳಕ್ಕೆ ಒತ್ತಿಕೊಂಡ, ಅವಳು ಬಾಯಿ ಮುಚ್ಚಿಕೊಂಡಳು, ಎರಡೂ ಕೈಯಿಂದ ಮುಚ್ಚಿಕೊಂಡಳು, ಚಪ್ಪಲಿ ಬಿಟ್ಟು ನಡೆದಳು, ಡ್ರಮ್ಮಿನ ಪಕ್ಕ ಮೊಣಕಾಲೂರಿದಳು, ಕೈ ಚಾಚಿದಳು, ಮೂಸಿದರೆ ಸಾಕು, ಮೂಸಿದರೆ ಗೊತ್ತಾಗುತ್ತದೆ, ಅವನ ಎದೆಯೊಳಗಿಂದ ಗುರ್ ಎಂಬ ಸದ್ದು ಬಂತು, ಅವಳಿಗಾಗಿ ಯಾವತ್ತೂ ಬಾರದ ಸದ್ದು, ಬಣ್ಣದ ಹೊಗೆ ಅವಳ ಮೂಗನ್ನೇ ಸುಡುತ್ತಿತ್ತು, ಬೆರಳಿಗೂ ಅವನ ಮೂಗಿಗೂ ನಡುವೆ ಒಂದು ಬೆರಳಿನಷ್ಟು ಗಾಳಿ, ಅವನು ಮೂಸಲಿಲ್ಲ, ಉಸಿರನ್ನು ಹಿಡಿದು ನಿಂತಿದ್ದ, ಮೂಸಿ ಮೂಸಿ ಸಾಕಾದವನ ಹಾಗೆ, ಅವಳ ಕೈ ಅಲ್ಲೇ ಇತ್ತು, ಅಲ್ಲೇ, ಕಣ್ಣ ಮುಂದೆ ಆ ಮೂಗು, ಇದಲ್ಲ, ನಿನ್ನೆಯದು, ಬಾಲ ಅಲ್ಲಾಡಿಸುತ್ತ ಇಳಿದು ಬಂದವನದು, ಗಾಜಿಗೆ ಒತ್ತಿ ಹಿಡಿದದ್ದು, ಕಪ್ಪು, ಒದ್ದೆ, ಗಾಜಿಗೆ, ಹಿಂದೆ ಯಾರೂ ಇಲ್ಲದ ಗಾಜಿಗೆ, ಒತ್ತಿ ಹಿಡಿದ ಮೂಗು