ಸರ್ಕಾರಿ ಕೋಲು, ಸರ್ಕಾರಿ ವಕೀಲ

"ಆ ಪಂಢರಿನಾಥನ ಹೆಸರ ಇನ್ನೊಮ್ಮಿ ತಗದಿ ಅಂದ್ರ ಈ ಮನ್ಯಾಗ ನಾ ಉಣ್ಣೂದಿಲ್ಲ ನೋಡ!" ತಮ್ಮಣ್ಣ ಗುಡುಗಿದ.

"ಉಣಬ್ಯಾಡ್ರಿ. ಅಕ್ಕಿ ಉಳೀತಾವ," ಎಂದಳು ಹೆಂಡತಿ ಗೌರವ್ವ. "ನಮ್ಮಣ್ಣನ್ನ ಜಂಗಲ್ ಕೇಸಿನ್ಯಾಗಿಂದ ಬಿಡಿಸಿದಾವ್ರು ಅವರ. ಖಾನಾಪುರ ಕೋರ್ಟಿನ್ಯಾಗ ಅವರಂಥಾ ವಕೀಲ ಇನ್ಯಾರದಾರ?"

"ಅದೇನ ಧ್ವನಿ ಅದು? ಗುಂಗಾಡ ಗುಂಯ್ ಅಂದಂಗ. ಜಡ್ಜಿಗೆ ಕೇಳಸಬೇಕಲ!"

"ಅವರ ಧ್ವನಿ ಸಣ್ಣದು, ನಿಮ್ಮದು ದೊಡ್ಡದು. ಅದಕ್ಕ ಅವರು ಕರೀ ಕೋಟ ಹಾಕ್ಕೊಂಡಾರ, ನೀವು ಆರೋಪಿ ಆಗೀರಿ."

ತಮ್ಮಣ್ಣ ತಾಟು ದೂಡಿದ. ಇಪ್ಪತ್ತೆರಡು ವರ್ಷದಿಂದ ಅವನು ಜಾಂಬೋಟಿಯಿಂದ ಕಣಕುಂಬಿಗೆ ಟಪಾಲು ಚೀಲ ಹೊರುತ್ತಿದ್ದ. ಕಾಡಿನ ದಾರಿಯೆಂದು ಇಲಾಖೆಯವರು ಅವನಿಗೊಂದು ಕೋಲು ಕೊಟ್ಟಿದ್ದರು. ತುದಿಗೆ ಈಟಿ, ಅದರ ಕೆಳಗೆ ಗೆಜ್ಜೆ. ಗೆಜ್ಜೆಯ ಸಪ್ಪಳ ಕೇಳಿದರೆ ಕಣಕುಂಬಿಯವರು ಕಾಗದಕ್ಕೆಂದು ಬಾಗಿಲಿಗೆ ಬರುತ್ತಿದ್ದರು. ಆ ಮಳೆಗಾಲ ಹಳ್ಳ ಏರಿ ಚೀಲ ಮೂರು ದಿನ ತಡವಾಯಿತು. ಅದರಲ್ಲಿ ಕಣಕುಂಬಿಯ ಚಹಾದಂಗಡಿ ಭರಮಪ್ಪನಿಗೆ ತಂಗಿ ಬರೆದ ಕಾಗದವಿತ್ತು. ಮಗಳ ನಿಶ್ಚಯಕ್ಕೆ ಸೋದರಮಾವ ಬರಲೇಬೇಕೆಂದು. ಕಾಗದ ಕೈಗೆ ಬಂದಾಗ ನಿಶ್ಚಯ ಮುಗಿದು ಎರಡು ದಿನವಾಗಿತ್ತು. ಭರಮಪ್ಪ ಹತ್ತು ಜನರ ಮುಂದೆ, "ಚೀಲ ಗಿಡದ ಬುಡಕ್ಕ ಒಗದು ಮಲಗಿದ್ದ ಕಳ್ಳ," ಎಂದ. ಅದೇ ಚೀಲವನ್ನು ತಲೆಯ ಮೇಲೆ ಹೊತ್ತು, ಎದೆಮಟ ನೀರಿನಲ್ಲಿ ಹಳ್ಳ ದಾಟಿ ಬಂದಿದ್ದ ತಮ್ಮಣ್ಣ ಕೋಲೆತ್ತಿ ಎರಡು ಬಾರಿಸಿದ.

ಪೊಲೀಸರು 'ಈಟಿಯಿಂದ ಹೊಡೆದ' ಎಂದು ಬರೆದುಕೊಂಡರು. ಕೋಲು ಕೋರ್ಟಿಗೆ ಹೋಯಿತು. ಕೇಸು ಮುಗಿಯುವ ತನಕ ಚೀಲ ಮುಟ್ಟಬೇಡ ಎಂದು ಇಲಾಖೆ ಹೇಳಿತು. ಶಿಕ್ಷೆಯಾದರೆ ಚೀಲ ಜನ್ಮಕ್ಕೇ ಹೋಯಿತು. ಗೌರವ್ವನ ನಿದ್ದೆಗೆಡಿಸಿದ್ದು ಅದು. ಚೀಲವಿಲ್ಲದ ಗಂಡ ದಿನವಿಡೀ ಮನೆಯಲ್ಲೇ ಇರುತ್ತಾನೆ; ಆ ಬಾಯಿಯೂ ಇರುತ್ತದೆ.

"ಕೇಳಿಲ್ಲಿ," ಎಂದ ತಮ್ಮಣ್ಣ. "ಚೀಲ ಸರ್ಕಾರದ್ದು. ಕೋಲ ಸರ್ಕಾರದ್ದು. ಹೊಡದಾಗ ನಾ ಡ್ಯೂಟಿ ಮ್ಯಾಲಿದ್ದೆ. ಅಂದಮ್ಯಾಲ ಸರ್ಕಾರಿ ವಕೀಲ ನನ್ನಾವಾ ಅಲ್ಲೇನು? ಅವಾ ಕೋರ್ಟಿಗೆ ಬಂದ್ರ ಪೊಲೀಸರ ಎದ್ದ ನಿಂದರ್ತಾರ. ನಿನ್ನ ಪಂಢರಿನಾಥಗ ನಾಯೀನೂ ಏಳೂದಿಲ್ಲ."

ಗೌರವ್ವನೂ ಕೋರ್ಟಿನ ಒಳಗು ಕಂಡವಳಲ್ಲ. ಈ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಹಾಗಾಗಿ ಸರ್ಕಾರಿ ವಕೀಲರಿಗೆ ಕೊಡಲೆಂದು ಒಂದು ಬಾಟಲಿ ಕಾಡು ಜೇನು ಕೈಚೀಲಕ್ಕೆ ಹಾಕಿಕೊಂಡು ತಾನೂ ಬಸ್ಸು ಹತ್ತಿದಳು. ಗಂಡನನ್ನು ಒಬ್ಬನೇ ಬೆಳಗಾವಿಗೆ ಕಳಿಸುವ ಧೈರ್ಯ ಅವಳಿಗಿರಲಿಲ್ಲ.

ಸರ್ಕಾರಿ ವಕೀಲ ತ್ರ್ಯಂಬಕರಾಯರ ಮನೆ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ. ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ಸೀನುತ್ತ ಇಬ್ಬರೂ ಅಲ್ಲಿ ಮುಟ್ಟಿದಾಗ ರಾಯರು ಅವಲಕ್ಕಿ ತಿನ್ನುತ್ತಿದ್ದರು.

"ಕಣಕುಂಬಿ ಟಪಾಲ ಕೇಸಿಂದ ಬಂದೀವ್ರಿ," ಎಂದ ತಮ್ಮಣ್ಣ.

"ಬರ್ರಿ, ಬರ್ರಿ, ಕುಂದರ್ರಿ!" ರಾಯರು ಖುಷಿಯಾದರು. "ನನ್ನ ಸಾಕ್ಷಿದಾರರು ಕೋರ್ಟಿಗೆ ಬಾ ಅಂದ್ರೂ ಬರೂದಿಲ್ಲ. ನೀವು ಮನೀ ತನಕಾ ಬಂದೀರಿ. ಹೊಡದದ್ದನ್ನ ಖುದ್ದ ನೋಡೀರಿ?"

"ನೋಡೂದೇನ್ರಿ, ಅಲ್ಲೇ ಇದ್ದೆ."

ರಾಯರು ಪೆನ್ಸಿಲ್ ತೆಗೆದರು. "ಎಷ್ಟ ಏಟ?"

"ಎರಡರಿ. ಐದ ಬೀಳಬೇಕಿತ್ತು, ಮಂದಿ ಹಿಡದ್ರು."

"ಈಟಿ ಕಡಿಂದ?"

"ಛೇ! ಈಟೀಲೆ ಹೊಡದಿದ್ರ ಅವಾ ಕೇಸ ಹಾಕಾಕ ಉಳೀತಿದ್ನೇನ್ರಿ? ಕೋಲ ತಿರುವಿ, ಈಟಿ ಕಡಿ ಮುಷ್ಟ್ಯಾಗ ಹಿಡದು, ಬರೇ ಕಟಿಗೀಲೆ. ಇಲ್ನೋಡ್ರಿ." ತಮ್ಮಣ್ಣ ಬಲ ಅಂಗೈ ಬಿಚ್ಚಿ ಚಾಚಿದ. ಅಡ್ಡಡ್ಡ ಎರಡು ಬೆರಳುದ್ದದ ಗಾಯ, ಒಣಗಿ ಕಪ್ಪಾಗಿತ್ತು.

ಹಳ್ಳದ ಬಿದಿರು ತಾಗಿತು ಎಂದು ಅವನು ಮನೆಯಲ್ಲಿ ಹೇಳಿದ್ದ. ಗೌರವ್ವ ಗಂಡನ ಮುಖ ನೋಡಿದಳು. ಪೆನ್ಸಿಲ್ ನಿಂತಿತ್ತು.

"ನಿಮ್ಮ ಹೆಸರೇನಂದ್ರಿ?"

"ತಮ್ಮಣ್ಣರಿ. ಹೊಡದಾವಾ ನಾನರಿ."

ಅವಲಕ್ಕಿ ತಾಟು ನೆಲಕ್ಕೆ ಬಿತ್ತು. "ಏಳ್ರಿ! ಮ್ಯಾಲೇಳ್ರಿ! ನಿಮ್ಮನ್ನ ಜೇಲಿಗೆ ಕಳಸಾಕ ವಾದಾ ಮಾಡಾವಾ ನಾನರಿ!"

"ಹಂಗಂದ್ರ? ನೀವೂ ಸರ್ಕಾರದವರು, ನಾನೂ ಸರ್ಕಾರದಾವಾ. ಮನಿ ಮಂದಿ ಮ್ಯಾಲ ಮನಿ ಮಂದೀನ ಕೇಸ ಹಾಕ್ತಾರೇನ್ರಿ?"

"ಹೊಂಡ್ರಿ! ಆ ಜೇನೂ ತೊಗೊಂಡ ಹೊಂಡ್ರಿ! ಒಬ್ಬ ವಕೀಲನ್ನ ಹಿಡೀರಿ. ಅವನ ಮುಂದ ಬಿಟ್ಟ ಬ್ಯಾರೆ ಯಾರ ಮುಂದೂ ಬಾಯಿ ತಗೀಬ್ಯಾಡ್ರಿ ಮಾರಾಯರ!"

ಬಸ್ಸಿನಲ್ಲಿ ತಮ್ಮಣ್ಣ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಖಾನಾಪುರ ಬಂದಾಗ ಗೌರವ್ವ, "ಇಳೀರಿ," ಎಂದಳು. ಅವನು ಇಳಿದ.

ಪಂಢರಿನಾಥ ವಕೀಲರು ಕಥೆ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆ ನಗುವಿಗೂ ಸಪ್ಪಳವಿರಲಿಲ್ಲ. ವಕಾಲತ್ತಿಗೆ ತಮ್ಮಣ್ಣನ ಸಹಿ ಮಾಡಿಸಿಕೊಂಡು ಹೇಳಿದರು: "ಕೋರ್ಟಿನ್ಯಾಗ ಮಾತಾಡೂದು ನನ್ನ ಕೆಲಸ, ಸುಮ್ಮನ ಕುಂದ್ರೂದು ನಿಮ್ಮ ಕೆಲಸ. ನಿಮ್ಮ ಕೇಸ ಕಠಿಣ ಐತಿ, ಖರೇ. ಭರಮಪ್ಪ ರಾಜಿಗೆ ಒಪ್ಪಿ, ಕೋರ್ಟು ಹೂಂ ಅಂದ್ರ ಕೇಸ ಖಲಾಸ, ಚೀಲ ನಿಮ್ಮದು. ಆದ್ರ ಅವನ ಮುಂದ ತಪ್ಪಾತು ಅನಬೇಕು."

"ಕಳ್ಳ ಅಂದಾವಗ ತಪ್ಪಾತು ಅನ್ನಾಕ ನನ್ನ ನಾಲಿಗಿ ಇನ್ನೂ ಸತ್ತಿಲ್ರಿ."

"ಅದ ನನ್ನ ದುಃಖ," ಎಂದಳು ಗೌರವ್ವ.

ತಾರೀಖಿನ ದಿನ ಭರಮಪ್ಪ ಕೋರ್ಟಿನ ಪಡಸಾಲೆಯಲ್ಲಿ ಕಲ್ಲಿನ ಹಾಗೆ ಕೂತಿದ್ದ. ಪಂಢರಿನಾಥರು ಅವನ ಪಕ್ಕಕ್ಕೆ ಕೂತು ಮೆಲ್ಲಗೆ ಕೇಳಿದರು: "ಭರಮಪ್ಪನವರ, ಇಪ್ಪತ್ತೆರಡ ವರ್ಷದಾಗ ತಮ್ಮಣ್ಣ ಎಷ್ಟ ಸಲ ತಡಾ ಮಾಡ್ಯಾರು?"

ಭರಮಪ್ಪ ಯೋಚಿಸಿದ. ಒಂದು ಬೆರಳು ಎದ್ದು ನಿಂತಿತು.

"ಈಗ ಚೀಲ ತರಾವ ಹೊಸಬ?"

"ಅವನ ಹೆಸರ ತಗೀಬ್ಯಾಡ್ರಿ! ತಿಂಗಳದಾಗ ಎರಡ ಸಲ ಬಂದಾನು. ಕಾಗದಾ ನೀರಾಗ ತೊಯ್ದು ಹಪ್ಪಳ ಹಿಟ್ಟಾಗಿ ಬರ್ತಾವು. ಆದ್ರ ಇವಾ ಮೊದಲ ತಪ್ಪಾತು ಅನ್ಲಿ!"

ತಮ್ಮಣ್ಣ ಗೋಡೆ ನೋಡುತ್ತ ನಿಂತ. ಅವನ ಕಿವಿ ಕೆಂಪಾಗತೊಡಗಿತು. ಇನ್ನು ಸಿಡಿಯುತ್ತಾನೆ ಎಂದು ಗೌರವ್ವನಿಗೆ ಗೊತ್ತಾಯಿತು. ಅವಳು ಗಂಡನ ಬಲಗೈ ಎಳೆದು, ಬೆರಳು ಬಿಡಿಸಿ, ಭರಮಪ್ಪನ ಮುಖಕ್ಕೆ ಹಿಡಿದಳು.

"ನೋಡ್ರಿ ಯಣ್ಣಾ. ಈಟಿ ನಿಮಗ ಬಡೀಬಾರದಂತ ಇವರು ಅದನ್ನ ಮುಷ್ಟ್ಯಾಗ ಹಿಡಕೊಂಡ ಗಾಯ ಇದು."

ಭರಮಪ್ಪ ಆ ಗಾಯವನ್ನು ನೋಡಿದ. ತನ್ನ ಬೆನ್ನನ್ನೊಮ್ಮೆ ಮುಟ್ಟಿಕೊಂಡ. ತಮ್ಮಣ್ಣ ಕೈ ಕಿತ್ತುಕೊಂಡು ಗೋಡೆಗೇ ಹೇಳಿದ: "ಎರಡನೇದ ಹೊಡೀಬಾರದಿತ್ತು."

"ಮೊದಲನೇದು?" ಭರಮಪ್ಪ ಕೇಳಿದ.

"ಅದು ಇರ್ಲಿ."

ಭರಮಪ್ಪನಿಗೆ ನಗು ತಡೆಯಲಾಗಲಿಲ್ಲ. "ಅರ್ಧಾ ತಪ್ಪಾತಂದ್ನಲ್ಲ, ಈ ಜನ್ಮಕ್ಕ ಸಾಕು. ತರ್ರಿ ಕಾಗದಾ."

ರಾಜಿ ಅರ್ಜಿ ಮ್ಯಾಜಿಸ್ಟ್ರೇಟರ ಮೇಜಿಗೆ ಹೋಯಿತು. ಅವರು ಓದಿ, ಹುಬ್ಬು ಗಂಟಿಕ್ಕಿ, "ಈಟಿಯ ಕೇಸು ಇದು. ಸರ್ಕಾರ ಏನನ್ನುತ್ತದೆ?" ಎಂದರು.

ತ್ರ್ಯಂಬಕರಾಯರು ಎದ್ದು ನಿಂತರು. ಗೌರವ್ವ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಎಲ್ಲವನ್ನೂ ಇವರ ಮುಂದೆಯೇ ಒದರಿ ಬಂದಾಗಿದೆ. ರಾಯರು ಕಟಕಟೆಯಲ್ಲಿ ನಿಂತ ತಮ್ಮಣ್ಣನ ಬಲಗೈಯನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಡಾಕ್ಟರ ಕಾಗದದಲ್ಲಿ ಈಟಿಯ ಗಾಯ ಇಲ್ಲ, ಬರೀ ಬಾವು ಇದೆ. ಸರ್ಕಾರದ ತಕರಾರಿಲ್ಲ, ಸ್ವಾಮಿ."

ಹತ್ತು ನಿಮಿಷದಲ್ಲಿ ಮುಗಿಯಿತು. ಕೋಲನ್ನು ತಿರುಗಿ ಕೊಡಿ ಎಂದೂ ಹುಕುಂ ಆಯಿತು. ಧೂಳು ಹಿಡಿದ ಕೋಲು ಒಳಕೋಣೆಯಿಂದ ಬಂದಾಗ ತಮ್ಮಣ್ಣ ಅದನ್ನು ಧೋತರದ ಚುಂಗಿನಿಂದ ಒರೆಸಿ, ನೆಲಕ್ಕೆ ಒಮ್ಮೆ ಕುಟ್ಟಿದ. ಗೆಜ್ಜೆ ಘಲ್ಲೆಂದವು. ಅಂಗಳಕ್ಕೆ ಬಂದವನೇ, ಪಂಢರಿನಾಥರು ಎದುರಿಗಿರುವಾಗಲೇ, ಹೆಂಡತಿಗೆ ಹೇಳಿದ:

"ನೋಡಿದಿ? ಕಡೀಕ ಬಿಡಿಸಿದಾವಾ ಯಾರು? ಸರ್ಕಾರಿ ವಕೀಲ! ನಾ ಮೊದಲ ಹೇಳಿರ್ಲಿಲ್ಲ?"

ಗೌರವ್ವನ ನೆತ್ತಿಗೇರಿತು. "ಮೊದಲ ಇವರಿಗೆ ಕೈ ಮುಗೀರಿ! ಇಲ್ಲಂದ್ರ ಆ ಕೋಲ ಇಲ್ಲಿ ತರ್ರಿ, ಮೂರನೇದ ನಾ ಹೊಡೀತೀನಿ!"

"ಚೀಲದ ಟೈಮ ಆತು," ಎಂದ ತಮ್ಮಣ್ಣ. ಪಂಢರಿನಾಥರ ಕಡೆ ಕೋಲು ಸ್ವಲ್ಪ ಎತ್ತಿದ. ಅವನ ಕೈಯಲ್ಲಿ ಅದೇ ನಮಸ್ಕಾರ. ಆಮೇಲೆ ಗೇಟು ದಾಟಿ ನಡೆದೇಬಿಟ್ಟ.

"ಅಯ್ಯ, ಕರೀರಿ ಅವರನ್ನ! ಇಲಾಖೆ ಹುಕುಂ ಬರಾಕ ಇನ್ನೂ ಎಂಟ ದಿನಾ ಬೇಕು!" ಪಂಢರಿನಾಥರು ಕೂಗಿದರು. ಆ ಧ್ವನಿ ಗೇಟನ್ನೂ ಮುಟ್ಟಲಿಲ್ಲ.

ಗೌರವ್ವ ಕೂಗಲಿಲ್ಲ. ಕೈಚೀಲದಿಂದ ಜೇನಿನ ಬಾಟಲಿ ತೆಗೆದು ವಕೀಲರ ಕೈಗಿಟ್ಟಳು.

"ಬೆಳಗಾವಿಯಿಂದ ಹೊಳ್ಳಿ ಬಂದದ್ದರಿ ಇದು. ನಮ್ಮವರು ಹೊಳ್ಳಿ ಬರೂದಿಲ್ಲ."

ಗೆಜ್ಜೆಯ ಸಪ್ಪಳ ಖಾನಾಪುರದ ಬಜಾರು ದಾಟಿ, ಜಾಂಬೋಟಿಯ ದಾರಿ ಹಿಡಿದು, ಸಣ್ಣದಾಗುತ್ತ ಹೋಯಿತು.